ದೆವ್ವಕ್ಕೆ ಎಷ್ಟು ಹಿಟ್ ಪಾಯಿಂಟ್?

(ಬಸವನಗುಡಿಯ ಒಂದು ಮಹಡಿಯ ಮೇಲೆ, ಭಾನುವಾರ ಸಂಜೆ, ಸುಮಾರು ಮೂವತ್ತು ಜನರ ಮುಂದೆ ಆಡಿದ ಮಾತು. ಬರೆಯುವಾಗ ತಡವರಿಕೆ ಕತ್ತರಿಸಿದ್ದೇನೆ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮಳೆಯಲ್ಲಿ ನೆನೆದುಕೊಂಡೇ ಬಂದಿದ್ದೀರಿ. ಛತ್ರಿಗಳನ್ನು ಆ ಮೂಲೆಯ ಫ್ಯಾನ್ ಕೆಳಗೆ ಬಿಡಿಸಿಟ್ಟರೆ ಹೋಗುವಷ್ಟರಲ್ಲಿ ಒಣಗಿರುತ್ತವೆ.

ಇವತ್ತಿನ ಮಾತು ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಆಡುವ ಆಟದ ಬಗ್ಗೆ, ಅದರಲ್ಲಿ ಭಯ ಹುಟ್ಟಿಸುವುದು ಹೇಗೆ ಅಂತ. ನಾನು ಮೊದಲ ಸಲ ದೆವ್ವದ ಕಥೆ ಆಡಿಸಿದ್ದು ಮಲ್ಲೇಶ್ವರದಲ್ಲಿ, ಗೆಳೆಯನ ಮನೆಯಲ್ಲಿ. ಎರಡು ವಾರ ತಯಾರಿ ಮಾಡಿದ್ದೆ. ಒಂದು ಪಾಳು ಬಂಗಲೆ, ಹಿತ್ತಲಲ್ಲಿ ಬಾವಿ, ಬಾವಿಯಿಂದ ಏಳುವ ಹೆಂಗಸು. ಅವಳು ಏಳುವ ಜಾಗದ ವರ್ಣನೆಯನ್ನು ಬರೆದುಕೊಂಡು ಕನ್ನಡಿ ಮುಂದೆ ಓದಿ ಅಭ್ಯಾಸ ಬೇರೆ ಮಾಡಿದ್ದೆ. ಆ ಮಧ್ಯಾಹ್ನ ಅದನ್ನು ಓದಿದೆ. ಮುಗಿಸಿ ತಲೆ ಎತ್ತಿದೆ. ಪ್ಯಾಲಡಿನ್, ಅಂದರೆ ದೈವಭಕ್ತ ಯೋಧನ ಪಾತ್ರ ಆಡುತ್ತಿದ್ದ ಗೆಳೆಯ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿದ: "ಅದಕ್ಕೆ ಎಷ್ಟು ಹಿಟ್ ಪಾಯಿಂಟ್ ಇರಬಹುದು?" ಹಿಟ್ ಪಾಯಿಂಟ್ ಅಂದರೆ ಸಾಯುವ ಮುಂಚೆ ಎಷ್ಟು ಹೊಡೆತ ತಡೆಯುತ್ತೆ ಅನ್ನುವ ಅಂಕಿ.

ಮೂರು ರೌಂಡ್‌ನಲ್ಲಿ ದೆವ್ವ ಮುಗಿಯಿತು. ಆಮೇಲೆ ಬಾವಿಯೊಳಗೆ ನಿಧಿ ಇದೆಯಾ ಅಂತ ಹುಡುಕಿದರು.

ತುಂಬಾ ದಿನ ಅವನ ಮೇಲೆ ಸಿಟ್ಟಿತ್ತು. ಈಗ ಇಲ್ಲ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ತಂದಿಟ್ಟದ್ದೇ ಹೊಡೆದರೆ ಸಾಯುವ ಸಾಮಾನು. ಹೊಡೆಯಲು ಎಷ್ಟು ಹೊತ್ತು ಬೇಕು ಅಂತ ಅವನು ವಿಚಾರಿಸಿಕೊಂಡ, ಅಷ್ಟೇ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಕೃಷ್ಣ ಆಗುತ್ತಾರೆ, ಕರ್ಣ ಆಗುತ್ತಾರೆ. ಪ್ರಸಂಗ ಮೊದಲೇ ಗೊತ್ತು, ಆದರೆ ಮಾತು ಆ ಕ್ಷಣದಲ್ಲೇ ಹುಟ್ಟಬೇಕು. ಭಾಗವತರು ಪದ ಹೇಳಿ ಕಥೆಯನ್ನು ಮುಂದಕ್ಕೆ ತಳ್ಳುತ್ತಾರೆ. ನಮ್ಮ ಆಟದಲ್ಲಿ ಗೇಮ್ ಮಾಸ್ಟರ್ ಅಂದರೆ ಹೆಚ್ಚುಕಡಿಮೆ ಆ ಭಾಗವತರೇ. ವ್ಯತ್ಯಾಸ ಏನೆಂದರೆ ಇಲ್ಲಿ ಕರ್ಣ ಉಳಿಯುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದರು. ಅದರ ಬೇರು ಇರುವುದು ಯುದ್ಧದ ಆಟಗಳಲ್ಲಿ, ಮೇಜಿನ ಮೇಲೆ ಪುಟಾಣಿ ಸೈನಿಕರನ್ನು ನಿಲ್ಲಿಸಿ ಆಡುವ ಆಟಗಳಲ್ಲಿ. ಹಾಗಾಗಿ ಹೊಡೆತದ ಲೆಕ್ಕ ಅದರ ರಕ್ತದಲ್ಲೇ ಇದೆ. ಭಯದ ಲೆಕ್ಕವನ್ನು ಬೇರೆ ಆಟ ತಂದಿತು. 1981ರಲ್ಲಿ ಕೇಯಾಸಿಯಂ ಕಂಪನಿ 'ಕಾಲ್ ಆಫ್ ಕ್ಥುಲು' ಪ್ರಕಟಿಸಿತು. ಬರೆದವರು ಸ್ಯಾಂಡಿ ಪೀಟರ್ಸನ್. ಅಲ್ಲಿ ನೀವು ವೀರರಲ್ಲ. ಪ್ರೊಫೆಸರ್, ಪತ್ರಕರ್ತ, ಹೀಗೆ. ನಿಮ್ಮ ಹಾಳೆಯಲ್ಲಿ ಸ್ಯಾನಿಟಿ ಅಂತ ಒಂದು ಅಂಕಿ ಇರುತ್ತದೆ. ನೋಡಬಾರದ್ದನ್ನು ನೋಡಿದಾಗೆಲ್ಲ ಅದು ಇಳಿಯಬಹುದು. ಪೂರ್ತಿ ಇಳಿದರೆ ನಿಮ್ಮ ಪಾತ್ರ ನಿಮ್ಮ ಕೈಬಿಟ್ಟು ಹೋಗುತ್ತದೆ. ಆ ಆಟಕ್ಕೆ ಕೂರುವಾಗಲೇ ಜನ ಸೋಲುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ.

ನಮ್ಮ ಕಷ್ಟ ಬೇರೆ. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಮ್ಮ ಮೇಜಿಗೆ ಬರುವವರು ಗೆಲ್ಲಲು ಬಂದಿರುತ್ತಾರೆ. ಬೆಳಕು ಬೇಕೇ, ಮಂತ್ರ ಇದೆ. ಹಸಿವೇ, ಹತ್ತು ಹಣ್ಣು ಹುಟ್ಟಿಸುವ ಮಂತ್ರ ಇದೆ. ಗೆಳೆಯ ಸತ್ತನೇ, ಒಂದು ನಿಮಿಷದೊಳಗಾದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಸುರಿದು ಎಬ್ಬಿಸಬಹುದು. ಕ್ಲೆರಿಕ್, ಅಂದರೆ ಪೂಜಾರಿಯ ಪಾತ್ರ, ಐದನೇ ಲೆವೆಲ್‌ಗೆ ಬಂದರೆ ಇದು ಸಾಧ್ಯ. ಸಾವಿಗೇ ರೇಟ್ ಕಾರ್ಡ್ ಇರುವ ಕಡೆ ಹೆದರಿಸುವುದು ಹೇಗೆ?

ಸುಮಾರು ಜನ ಮಾಡುವ ಕೆಲಸ ಏನು ಗೊತ್ತಾ? "ಈ ಕಾಡಿನಲ್ಲಿ ನಿಮ್ಮ ಮಂತ್ರ ನಡೆಯಲ್ಲ" ಅಂದುಬಿಡುತ್ತಾರೆ. ನಾನೂ ಮಾಡಿದ್ದೇನೆ. ದಯವಿಟ್ಟು ಮಾಡಬೇಡಿ. ಅದು ಭಯ ಹುಟ್ಟಿಸುವುದಿಲ್ಲ, ಜಗಳ ಹುಟ್ಟಿಸುತ್ತದೆ. ಆರು ತಿಂಗಳು ಆಡಿ ಸಂಪಾದಿಸಿದ ಶಕ್ತಿಯನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಂಡರೆ ಯಾರಿಗೆ ತಾನೇ ಹಿಡಿಸುತ್ತದೆ? ಶಕ್ತಿ ಅವರ ಹತ್ತಿರವೇ ಇರಲಿ. ಕೆಲಸವನ್ನೂ ಮಾಡಲಿ. ಅದು ತಂದುಕೊಡುವ ಉತ್ತರ ಮಾತ್ರ ಅವರಿಗೆ ಬೇಡವಾದದ್ದಾಗಿರಲಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ವಿಕ್ರಮ ಬೇತಾಳದ ಕಥೆ ನೆನಪು ಮಾಡಿಕೊಳ್ಳಿ. ವಿಕ್ರಮನ ಸೊಂಟದಲ್ಲಿ ಕತ್ತಿ ಇದೆ. ಧೈರ್ಯಕ್ಕೆ ಬರವಿಲ್ಲ. ಬೇತಾಳ ಅದ್ಯಾವುದನ್ನೂ ಕಿತ್ತುಕೊಳ್ಳುವುದಿಲ್ಲ. ಹೆಗಲ ಮೇಲೆ ಕೂತು ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಬಾಯಿ ಬಿಟ್ಟರೆ ಬೇತಾಳ ವಾಪಸ್ ಮರಕ್ಕೆ. ಅಂದರೆ ರಾಜನನ್ನು ಕಟ್ಟಿಹಾಕಿದ್ದು ಅವನ ಬುದ್ಧಿಯೇ. ದಡ್ಡನಾಗಿದ್ದರೆ ಮೊದಲನೇ ಸಲವೇ ಹೆಣ ಹೊತ್ತುಕೊಂಡು ಆರಾಮಾಗಿ ಹೋಗಿಬಿಡುತ್ತಿದ್ದ.

ನಮ್ಮೂರಿನದೇ ಇನ್ನೊಂದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಬಾಗಿಲ ಮೇಲಿನ 'ನಾಳೆ ಬಾ' ನೆನಪಿರುತ್ತದೆ. ರಾತ್ರಿ ಮನೆಯವರ ದನಿಯಲ್ಲಿ ಕರೆಯುತ್ತೆ, ಓಗೊಟ್ಟರೆ ಕಥೆ ಮುಗೀತು ಅಂತ ಸುದ್ದಿ. ಬಾಗಿಲ ಮೇಲೆ ಬರೆದಿದ್ದರೆ ಓದಿಕೊಂಡು ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಓದುತ್ತೆ. ಎಲ್ಲರೂ ಇದನ್ನು ಹೇಳಿ ನಗುತ್ತಾರೆ, ಕನ್ನಡ ಓದಲು ಬರುವ ದೆವ್ವ ಅಂತ. ನಾನು ಚಿಕ್ಕವನಿದ್ದಾಗ ನಮ್ಮ ವಠಾರದ ಬಾಗಿಲಲ್ಲಿ ಅದನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ನನಗೆ ದೆವ್ವದ ಚಿಂತೆ ಅಷ್ಟಾಗಿ ಇರಲಿಲ್ಲ. ಮಳೆ ಬಂದರೆ ಸೀಮೆಸುಣ್ಣ ಅಳಿಸಿಹೋಗುತ್ತಲ್ಲ ಅನ್ನುವುದೇ ಚಿಂತೆ. ರಾತ್ರಿ ಮಳೆ ಶುರುವಾದರೆ ನಿದ್ದೆ ಹೋಗುತ್ತಿತ್ತು. ಕಾಪಾಡುವ ವಸ್ತು ಕೈಯಲ್ಲಿದ್ದಾಗಲೇ ಭಯ ಜಾಸ್ತಿ, ಅಲ್ವಾ?

ಈಗ ಮೇಜಿಗೆ ಬರೋಣ. ನಮ್ಮ ಈಗಿನ ಕ್ಯಾಂಪೇನ್‌ನಲ್ಲಿ, ಅಂದರೆ ಹಲವು ಸಲ ಕೂತು ಮುಂದುವರಿಸುವ ಕಥೆಯಲ್ಲಿ, ನಡೆದದ್ದು. ಐದು ಜನ ಆಟಗಾರರು, ರಾಜಾಜಿನಗರದ ಮನೆ, ಶನಿವಾರ ರಾತ್ರಿ. ಕಥೆಯಲ್ಲಿ ಅವರೊಂದು ಬೆಟ್ಟದೂರಿಗೆ ಬಂದಿದ್ದಾರೆ. ಹಿಂದಿನ ದಿನ ದಾರಿ ತೋರಿಸಿದ ಮುದುಕ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಸತ್ತು ಬಿದ್ದಿದ್ದಾನೆ. ಮೈಮೇಲೆ ಒಂದು ಗಾಯವಿಲ್ಲ.

ಕ್ಲೆರಿಕ್ ಆಡುವ ಹುಡುಗಿ ಜಾಣೆ. "ಹೆಣದ ಜೊತೆ ಮಾತಾಡುವ ಸ್ಪೆಲ್ ಹಾಕ್ತೀನಿ" ಅಂದಳು. ಸತ್ತವರ ಜೊತೆ ಮಾತಾಡುವ ಈ ಮಂತ್ರದಲ್ಲಿ ಐದು ಪ್ರಶ್ನೆ ಕೇಳಬಹುದು. ಪತ್ತೇದಾರಿ ಕಥೆ ಆಡಿಸುವವರಿಗೆ ಈ ಮಂತ್ರ ಕಂಡರೆ ಮೈ ಉರಿಯುತ್ತದೆ. ಕೊಂದವನು ಯಾರು ಅಂತ ಹೆಣವನ್ನೇ ಕೇಳಿದರೆ ಕಥೆ ಎಲ್ಲಿ ಉಳಿಯುತ್ತದೆ?

ನಾನು ಅಂದೆ: "ಮಂತ್ರ ಹೇಳಿ ಮುಗಿಸಿದೆ. ಮುದುಕ ಮಾತಾಡಲಿಲ್ಲ."

"ಯಾಕೆ? ಸ್ಪೆಲ್ ಇಲ್ಲಿ ನಡೆಯಲ್ವಾ?"

"ನಡೆಯುತ್ತೆ. ರೂಲ್ ಓದು."

ಪುಸ್ತಕ ತೆಗೆದಳು. ನಾವು ಆಡುವುದು 2014ರ ಪುಸ್ತಕದ ನಿಯಮ. ಜೋರಾಗಿ ಓದಲು ಶುರು ಮಾಡಿದಳು. ಹೆಣಕ್ಕೆ ಬಾಯಿ ಇರಬೇಕು. ಇದೆ, ನೋಡಿದ್ದಾರೆ. ಹೆಣ ಅಂಡೆಡ್ ಆಗಿರಬಾರದು, ಅಂದರೆ ಸತ್ತೂ ಓಡಾಡುವ ಜಾತಿ. ಪ್ಯಾಲಡಿನ್ ತಕ್ಷಣ ತನ್ನ ದೈವೀ ಅರಿವು ಬಳಸಿದ. 60 ಅಡಿಯೊಳಗೆ ಮರೆಯಿಲ್ಲದೆ ಅಂಥದ್ದು ಏನಾದರೂ ಇದ್ದರೆ ಅವನಿಗೆ ತಿಳಿಯುತ್ತದೆ. "ಏನೂ ಇಲ್ಲ," ಅಂದೆ. "ಈ ದಂಡೆಯಲ್ಲಿ ಸತ್ತವನು ಸತ್ತೇ ಇದ್ದಾನೆ. ಬೇರೆ ಏನೂ ಇಲ್ಲ." ಅವಳು ಮುಂದಿನ ಸಾಲಿಗೆ ಬೆರಳಿಟ್ಟಳು. ಓದುವ ದನಿ ಅರ್ಧಕ್ಕೇ ಇಳಿಯಿತು. ಹಿಂದಿನ ಹತ್ತು ದಿನದೊಳಗೆ ಇದೇ ಹೆಣದ ಮೇಲೆ ಇದೇ ಮಂತ್ರ ಹಾಕಿದ್ದರೆ, ಮಂತ್ರ ಫಲಿಸುವುದಿಲ್ಲ.

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ.

"ಇವನು ಸತ್ತಿದ್ದು ನಿನ್ನೆ ರಾತ್ರಿ," ಅಂದಳು. "ಅಷ್ಟರಲ್ಲೇ ಯಾರೋ ಬಂದು ಕೇಳ್ಕೊಂಡು ಹೋಗಿದಾರೆ."

ಮಂಡಕ್ಕಿ ಗೆಳೆಯ, ಅದೇ ಹಳೇ ಪ್ಯಾಲಡಿನ್, ಕೇಳಿದ: "ಇವನ ಹತ್ರ ಕೇಳೋಕೆ ಏನಿತ್ತು? ಬರೀ ದಾರಿ ತೋರಿಸೋನು."

ಅದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ. ರೋಗ್, ಅಂದರೆ ಕಳ್ಳನ ಪಾತ್ರ ಆಡುವವನು, ಫೋನ್ ನೋಡುತ್ತಾ ಕೂತಿದ್ದವನು, ಫೋನ್ ಕೆಳಗಿಟ್ಟ. "ನಾವು ಎಲ್ಲಿ ಮಲಗ್ತೀವಿ ಅಂತ ಇವನೊಬ್ಬನಿಗೇ ಗೊತ್ತಿದ್ದಿದ್ದು."

ಆ ರಾತ್ರಿ ಒಂದು ದಾಳವೂ ಉರುಳಲಿಲ್ಲ. ಒಂದು ಪ್ರಾಣಿ, ಒಂದು ದೆವ್ವ ಬರಲಿಲ್ಲ. ಆದರೂ ಆ ಐವರು ಬಿಡಾರ ಬದಲಿಸಿದರು. ಕಾವಲಿಗೆ ಇಬ್ಬಿಬ್ಬರು ನಿಂತರು. ಊರಿನಲ್ಲಿ ಒಬ್ಬ ಮುದುಕಿ ಕೊಟ್ಟ ಮಜ್ಜಿಗೆಯನ್ನೂ ಕುಡಿಯಲಿಲ್ಲ. ಪಾಪ, ಆಕೆ ನಿಜಕ್ಕೂ ಒಳ್ಳೆಯ ಮುದುಕಿ. ಇನ್ನೊಂದು ತಪ್ಪೊಪ್ಪಿಗೆ: ಮೊದಲು ಯಾರೋ ಕೇಳಿದ್ದರು ಅನ್ನುವುದನ್ನು ನಾನು ಬರೆದಿಟ್ಟುಕೊಂಡಿದ್ದೆ. ಮಲಗುವ ಜಾಗದ ವಿಷಯ ನನಗೆ ಹೊಳೆದೇ ಇರಲಿಲ್ಲ. ಅವನು ಹೇಳಿದ ಮೇಲೆ, ಮೊದಲೇ ಗೊತ್ತಿದ್ದವನ ಹಾಗೆ ಪೆನ್ ತೆಗೆದು ಏನೋ ಗೀಚಿಕೊಂಡೆ.

ಇದೇ ಥರ ಚಿಕ್ಕದೊಂದು. ಆಟದಲ್ಲಿ ಎಲ್ಫ್ ಅನ್ನುವ ಕಾಲ್ಪನಿಕ ಜಾತಿ ಇದೆ. ಎಲ್ಫ್‌ಗಳಿಗೆ ಕತ್ತಲಲ್ಲಿ 60 ಅಡಿ ಕಾಣುತ್ತದೆ. ಆದರೆ ಗಾಢ ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ, ಎಲ್ಲ ಬೂದು. ಇದನ್ನು ಸಾಮಾನ್ಯವಾಗಿ ಎಲ್ಲರೂ ಮರೆತಿರುತ್ತಾರೆ. ದೀಪವಿಲ್ಲದೆ ನೆಲಮಾಳಿಗೆಗೆ ಇಳಿದ ಎಲ್ಫ್‌ಗೆ ನಾನು ಹೇಳಿದ್ದು: "ನೆಲ ಒದ್ದೆಯಾಗಿದೆ. ಎಲ್ಲಿಂದಲೋ ಸೋರಿದೆ." ಅವನು ಅದರಲ್ಲೇ ಕಾಲಿಟ್ಟು, ಮಂಡಿಯೂರಿ, ಬೀಗ ತೆಗೆದು, ಕೈ ಒರೆಸಿಕೊಂಡು ಮೇಲೆ ಬಂದ. ಹೊರಗೆ ಬಿಸಿಲಿತ್ತು. ಬಿಸಿಲಿತ್ತು ಅಂದೆ, ಅಷ್ಟೇ. ಅವನೇ ತನ್ನ ಕೈ ನೋಡಿಕೊಂಡ. ಅಂಗೈ, ನಿಜವಾದ ಅಂಗೈ, ಮೇಜಿನ ಮೇಲೆ.

1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ 'ರೇವನ್‌ಲಾಫ್ಟ್' ಬಗ್ಗೆ ಹೇಳದೇ ಈ ವಿಷಯ ದಾಟುವ ಹಾಗಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ರಕ್ತ ಹೀರುವ ದೊರೆ ಸ್ಟ್ರಾಡ್‌ನನ್ನು ತಂದದ್ದು ಅದು. ಅದರ ಹಿಂದಿನ ತಕರಾರು ಸರಳ: ರಕ್ತ ಹೀರುವವನೊಬ್ಬ ಸುಮ್ಮನೆ ಯಾವುದೋ ಕೋಣೆಯಲ್ಲಿ, ನೀವು ಬಾಗಿಲು ತೆಗೆಯಲಿ ಅಂತ ಕಾಯುತ್ತಾ ಯಾಕೆ ನಿಂತಿರುತ್ತಾನೆ? ಅವನಿಗೆ ಅವನದೇ ಕೆಲಸ ಇಲ್ಲವೇ? ಸ್ಟ್ರಾಡ್‌ಗೆ ಆಸೆ ಇದೆ, ಹಳೇ ಪಾಪ ಇದೆ. ಅವನನ್ನು ಎದುರಿಸಲು ಬೇಕಾದ ವಸ್ತುಗಳು ಕೋಟೆಯಲ್ಲಿ ಎಲ್ಲಿವೆ ಅನ್ನುವುದನ್ನು ಇಸ್ಪೀಟಿನ ಎಲೆ ಹಾಕಿ ನೋಡುವ ಭವಿಷ್ಯವೇ ನಿರ್ಧರಿಸುತ್ತದೆ. ಪ್ರತಿ ಸಲ ಆಡಿದಾಗ ಬೇರೆ ಬೇರೆ ಜಾಗ.

ನಾನು ಅದನ್ನು ಕದ್ದು ಗಿಣಿಶಾಸ್ತ್ರ ಮಾಡಿದೆ. ಸಂತೆಯಲ್ಲಿ ಮರದ ಕೆಳಗೆ ಒಬ್ಬ, ಪಂಜರ, ಸಾಲಾಗಿ ಜೋಡಿಸಿದ ಎಲೆಗಳು. ನಾಲ್ಕು ಜನ ಹೆಸರು ಹೇಳಿದರು. ಗಿಣಿ ಹೊರಬಂತು, ಎಲೆ ಕಚ್ಚಿ ತೆಗೆಯಿತು, ಕಾಳು ತಿಂದು ಒಳಗೆ ಹೋಯಿತು. ಐದನೆಯವನು ಹೆಸರು ಹೇಳಿದ. ಗಿಣಿ ಬಾಗಿಲ ತನಕ ಬಂತು. ಅವನನ್ನು ನೋಡಿತು. ಹಿಂದಕ್ಕೆ ನಡೆದು ಹೋಗಿ ಪಂಜರದ ಮೂಲೆಯಲ್ಲಿ ಕೂತಿತು. ಶಾಸ್ತ್ರದವನು ಬಾಯಿ ಬಿಡದೆ ಅವನ ಕಾಸು ವಾಪಸ್ ಕೊಟ್ಟ. ಆ ಆಟಗಾರ ಇವತ್ತಿಗೂ ಆ ಗಿಣಿಯ ವಿಷಯ ಎತ್ತುತ್ತಾನೆ. ಅವನ ಪಾತ್ರಕ್ಕೆ ಇನ್ನೂ ಏನೂ ಆಗಿಲ್ಲ.

ಕನ್ನಡದಲ್ಲಿ ಆಡಿಸುವವರಿಗೆ ಒಂದು ಪುಕ್ಕಟೆ ಆಯುಧವಿದೆ. ಕ್ರಿಯಾಪದದ ಬಾಲ. ಕೇಳಿ: ಅಜ್ಜಿ ಬಾಗಿಲು ತೆರೆದರು. ಒಳಗೆ ಕರೆದರು. ಚಾಪೆ ಹಾಸಿ ಊಟಕ್ಕೆ ಬಡಿಸಿದರು. ನೀವು ಉಣ್ಣುವುದನ್ನೇ ನೋಡುತ್ತಾ ಕೂತರು. ದೀಪ ಸಣ್ಣದಾಯಿತು. ಅಜ್ಜಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿತು.

ನೋಡಿ, ಇಲ್ಲೇ ಇಬ್ಬರು ತಲೆ ಎತ್ತಿದಿರಿ. ಅದನ್ನು ಒತ್ತಿ ಹೇಳಬಾರದು. ದನಿ ಬದಲಿಸಬಾರದು. ಯಾರಾದರೂ "ಏನಂದ್ರಿ?" ಅಂದರೆ "ಚಿಲಕ ಹಾಕಿತು ಅಂದೆ" ಅಂತ ಅಷ್ಟೇ ಹೇಳಬೇಕು. ಒಂದು ಎಚ್ಚರಿಕೆ ಇದೆ. ಒಮ್ಮೆ ಇದನ್ನು ಚಿಕ್ಕ ಹುಡುಗಿಯ ಪಾತ್ರಕ್ಕೆ ಬಳಸಿ "ಓಡಿ ಬಂತು" ಅಂದೆ. ಯಾರೂ ಬೆಚ್ಚಲಿಲ್ಲ. ಮಂಡ್ಯದ ಕಡೆಯ ಗೆಳೆಯ, "ನಮ್ಮ ಕಡೆ ಮಕ್ಕಳಿಗೆ ಹಂಗೇ ಅನ್ನೋದು, ಅದರಲ್ಲೇನಿದೆ?" ಅಂದ. ಹಾಗಾಗಿ ಬಹುವಚನ ಕೊಟ್ಟು ಮಾತಾಡುವ ಹಿರಿಯರಿಗೇ ಇದು ಸರಿ. ಮೇಲಿನಿಂದ ಬಿದ್ದಷ್ಟೂ ಸದ್ದು ಜಾಸ್ತಿ. ಹೆಸರು ಹೇಳಬೇಡಿ ಅನ್ನುವುದೂ ಇದರ ಜೊತೆಯದೇ. 'ಘೂಲ್' ಅಂತ ಪಿಶಾಚಿಯ ಹೆಸರು ಹೇಳಿದ ತಕ್ಷಣ ಐದು ಜನರ ತಲೆಯೊಳಗೆ ಪುಸ್ತಕದ ಪುಟ ತೆರೆದುಕೊಳ್ಳುತ್ತದೆ. ಕಂಡದ್ದನ್ನು ಮಾತ್ರ ಹೇಳಿ.

ವಾತಾವರಣ ಹೇಗೆ ಕಟ್ಟುವುದು ಅಂತ ಕೇಳುತ್ತಾರೆ. ಮೇಣದ ಬತ್ತಿ, ಹಿನ್ನೆಲೆ ಸಂಗೀತ. ಬೆಂಗಳೂರಿನಲ್ಲಿ ಅದೆಲ್ಲ ಎಲ್ಲಿ ಆಗುತ್ತೆ? ಕುಕ್ಕರ್ ಕೂಗುತ್ತದೆ, ಕೆಳಗೆ ಯಾರೋ ಗಾಡಿ ತೆಗೀರಿ ಅಂತ ಹಾರ್ನ್ ಹೊಡೆಯುತ್ತಾರೆ, ಮೇಲಿನ ಮನೆಯಲ್ಲಿ ಕುರ್ಚಿ ಎಳೆಯುತ್ತಾರೆ. ನಾನು ಇವುಗಳ ಜೊತೆ ಜಗಳ ಬಿಟ್ಟಿದ್ದೇನೆ. ಒಂದು ರಾತ್ರಿ ಕಥೆಯಲ್ಲಿ ಎಲ್ಲರೂ ಒಂದು ಗುಡಿಸಿಲಲ್ಲಿದ್ದರು. ಮೇಲಿನ ಮನೆಯವರು ಉದ್ದಕ್ಕೆ ಏನನ್ನೋ ಎಳೆದರು. ನಾನು ತಲೆ ಎತ್ತಿ ನೋಡಿ, "ಮಹಡಿ ಮೇಲೆ ಯಾರೋ ಏನನ್ನೋ ಎಳೆದ ಸದ್ದು" ಅಂದೆ. ಎಲ್ಲರೂ ನಕ್ಕರು. ಒಬ್ಬ ಮಾತ್ರ ನಗು ಅರ್ಧಕ್ಕೆ ನಿಲ್ಲಿಸಿ, "ಗುಡಿಸಿಲಿಗೆ ಮಹಡಿ ಎಲ್ಲಿಂದ ಬಂತು?" ಅಂದ. ನಗುವುದನ್ನು ತಡೆಯಬೇಡಿ, ಅಂದಹಾಗೆ. ಜನ ನಗಲಿ. ನಕ್ಕವರು ಸಡಿಲವಾಗುತ್ತಾರೆ, ಅದು ನಿಮಗೆ ಒಳ್ಳೆಯದೇ.

ನಿಯಮಪುಸ್ತಕದಲ್ಲಿ ಭಯಕ್ಕೂ ಒಂದು ನಿಯಮವಿದೆ. ದಾಳ ಸೋತರೆ ನಿಮ್ಮ ಪಾತ್ರಕ್ಕೆ ಭಯವಾಗಿದೆ ಅಂತ ಲೆಕ್ಕ. ಹೊಡೆತಕ್ಕೆ ಎರಡು ದಾಳ ಹಾಕಿ ಕಡಿಮೆ ಬಿದ್ದದ್ದನ್ನು ತೆಗೆದುಕೊಳ್ಳಬೇಕು, ಹತ್ತಿರ ಹೋಗುವಂತಿಲ್ಲ. ನನಗೆ ಅದು ಇಷ್ಟವಿಲ್ಲ. ಹಾಳೆಯಲ್ಲಿ ಭಯ, ಮುಖದಲ್ಲಿ ಬೇಸರ. ಅದಕ್ಕಿಂತ 2005ರ 'ಡ್ರೆಡ್' ಎನ್ನುವ ಆಟದ ಉಪಾಯ ವಾಸಿ. ಅಲ್ಲಿ ದಾಳವೇ ಇಲ್ಲ. ಜೆಂಗಾ ಗೋಪುರ, 54 ಮರದ ತುಂಡು. ಅಪಾಯದ ಕೆಲಸ ಮಾಡಬೇಕೇ, ಒಂದು ತುಂಡು ಎಳೆಯಿರಿ. ಗೋಪುರ ನಿಮ್ಮ ಕೈಯಲ್ಲಿ ಬಿದ್ದರೆ ನಿಮ್ಮ ಪಾತ್ರ ಕಥೆಯಿಂದ ಹೊರಗೆ. ನಾನು ಅದನ್ನು ಇಡೀ ಆಟಕ್ಕೆ ಹಾಕುವುದಿಲ್ಲ. ಒಂದು ದೃಶ್ಯಕ್ಕೆ ಮಾತ್ರ ಮೇಜಿನ ಮಧ್ಯೆ ತಂದಿಡುತ್ತೇನೆ. ಹದಿನೈದನೇ ತುಂಡಿನ ಹೊತ್ತಿಗೆ ಕೈ ನಡುಗುವುದನ್ನು ನೋಡಬೇಕು. ಹತ್ತನೇ ಲೆವೆಲ್ ಪ್ಯಾಲಡಿನ್‌ಗೆ ನಿಯಮದ ಪ್ರಕಾರ ಹೆದರಿಕೆ ತಟ್ಟುವುದಿಲ್ಲ. ಆಡುವವನ ಬೆರಳಿಗೆ ಅದು ಗೊತ್ತಿರುವುದಿಲ್ಲ.

ಕೊನೆಯದಾಗಿ, ನಾನು ಕೆಟ್ಟದಾಗಿ ಎಡವಿದ್ದು. ಒಮ್ಮೆ ಕಥೆಯಲ್ಲಿ ಒಂದು ಮಠದ ಆಸ್ಪತ್ರೆ ಇತ್ತು. ಸಾಲು ಹಾಸಿಗೆ, ಜ್ವರ, ರಾತ್ರಿಯಿಡೀ ಕೆಮ್ಮು. ಚೆನ್ನಾಗಿ ಬರುತ್ತಿದೆ ಅಂತ ನಾನು ಇನ್ನಷ್ಟು ಹಿಂಜುತ್ತಾ ಹೋದೆ. ಒಬ್ಬ ಗೆಳತಿ ಎದ್ದು ಬಾಲ್ಕನಿಗೆ ಹೋದಳು. ಫೋನ್ ಬಂದಿರಬೇಕು ಅಂದುಕೊಂಡೆ. ಅವಳ ಅಪ್ಪ ಕೆಲವು ತಿಂಗಳ ಹಿಂದೆ ವಾರಗಟ್ಟಲೆ ವಾರ್ಡ್‌ನಲ್ಲಿದ್ದರು. ನನಗೆ ಗೊತ್ತಿತ್ತು. ನಾನೇ ಒಂದು ದಿನ ಊಟ ತೆಗೆದುಕೊಂಡು ಹೋಗಿದ್ದೆ. ಕಥೆಯ ಹುಮ್ಮಸ್ಸಿನಲ್ಲಿ ಮರೆತಿದ್ದೆ. ಆಟ ನಿಲ್ಲಿಸಿ ಕಾಫಿ ಮಾಡಿದೆವು.

ಅವತ್ತಿನಿಂದ ಮೇಜಿನ ಮಧ್ಯೆ ಇಸ್ಪೀಟಿನ ಜೋಕರ್ ಎಲೆ ಇರುತ್ತದೆ. ಯಾರು ಬೇಕಾದರೂ ಮುಟ್ಟಬಹುದು. ಮುಟ್ಟಿದರೆ ಆ ವಿಷಯ ಅಲ್ಲಿಗೇ ಬಿಟ್ಟೆವು, ಯಾಕೆ ಅಂತ ಕೇಳುವ ಹಾಗಿಲ್ಲ. ಇದು ನನ್ನ ಬುದ್ಧಿ ಅಲ್ಲ. ಜಾನ್ ಸ್ಟಾವ್ರೊಪೊಲಸ್ ಅನ್ನುವವರು ಎಕ್ಸ್ ಕಾರ್ಡ್ ಅಂತ ಇದನ್ನು ಬಳಕೆಗೆ ತಂದರು. ನಾನು ಎಕ್ಸ್ ಬದಲು ಜೋಕರ್ ಇಟ್ಟೆ. ಎಲೆ ಇಟ್ಟರೆ ಭಯ ಕಮ್ಮಿಯಾಗಲ್ವಾ ಅಂತ ಕೇಳುತ್ತಾರೆ. ನಮ್ಮ ಮೇಜಿನಲ್ಲಿ ಉಲ್ಟಾ ಆಗಿದೆ. ನಿಲ್ಲಿಸಬಹುದು ಅಂತ ಗೊತ್ತಿರುವುದರಿಂದ ಅವರೇ ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಾರೆ. ಆ ಗೆಳತಿ ಈಗಲೂ ಬರುತ್ತಾಳೆ. ಎಲೆಯನ್ನು ಒಮ್ಮೆ ಮಾತ್ರ ಮುಟ್ಟಿದ್ದಾಳೆ, ಜಿರಳೆ ವಿಷಯಕ್ಕೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಮೂರು ನಾಲ್ಕು ಪ್ರಶ್ನೆ ಬಂದವು. ಮಕ್ಕಳ ಜೊತೆ ಆಡಿಸಬಹುದಾ ಅಂತ ಒಬ್ಬರು ತಾಯಿ ಕೇಳಿದರು. ಆಡಿಸಬಹುದು, ದೆವ್ವಕ್ಕಿಂತ ಹೋಮ್‌ವರ್ಕ್ ಕಥೆಗೇ ಹೆಚ್ಚು ಹೆದರುತ್ತಾರೆ ಅಂದೆ. ಕೊನೆಗೆ ಹಿಂದಿನಿಂದ ಒಬ್ಬ ಹುಡುಗ ಎದ್ದು ನಿಂತ.)

"ಸರ್, ಆ ಹೆಣದ ಹತ್ರ ಮೊದಲು ಕೇಳಿದ್ದು ಯಾರು?"

ಅದನ್ನು ಇಲ್ಲಿ ಹೇಳಲು ಆಗಲ್ಲಪ್ಪ. ಕ್ಯಾಂಪೇನ್ ಇನ್ನೂ ನಡೆಯುತ್ತಿದೆ. ಕ್ಲೆರಿಕ್ ಮತ್ತು ರೋಗ್ ಇಬ್ಬರೂ ಎರಡನೇ ಸಾಲಿನಲ್ಲೇ ಕೂತಿದ್ದಾರೆ, ಆಗಿನಿಂದ ನೋಟ್ಸ್ ಬರೆದುಕೊಳ್ಳುತ್ತಿದ್ದಾರೆ.